ಫ್ರೆಂಚ್ ಕ್ರಿಯಾಪದ ಓದುವುದು ಹೇಗೆ: ಬಾಲ ಅಳಿಸಿ, ಸ್ವರ ಎಣಿಸಿ, ತುಂಡು ಮಾಡಿ

ಫ್ರೆಂಚ್‌ನಲ್ಲಿ ‘ಮಾತಾಡು’ ಎನ್ನಲು ಪಾರ್ಲೇ ಎಂಬ ಕ್ರಿಯಾಪದವಿದೆ. ವರ್ತಮಾನ ಕಾಲದಲ್ಲಿ ಅದಕ್ಕೆ ಆರು ರೂಪ. ಬರೆಯುವಾಗ ಐದು ಬೇರೆ ಬೇರೆ ಕಾಗುಣಿತ, ಕಿವಿಗೆ ಬೀಳುವುದು ಮೂರೇ: ಪಾರ್ಲ್, ಪಾರ್ಲೊಂ, ಪಾರ್ಲೇ. ನಾನು, ನೀನು, ಅವನು, ಅವರು ಈ ನಾಲ್ವರಿಗೂ ಪಾರ್ಲ್ ಒಂದೇ ಸಾಕು. ‘ಅವರು ಮಾತಾಡುತ್ತಾರೆ’ ಎಂಬುದರ ಕಾಗುಣಿತ ಪಿ-ಎ-ಆರ್-ಎಲ್-ಇ-ಎನ್-ಟಿ. ಏಳು ಅಕ್ಷರಗಳಲ್ಲಿ ಕೊನೆಯ ಮೂರು ಬರೀ ಕಣ್ಣಿಗೆ.

ಬರೆದಂತೆ ಓದುವ ಭಾಷೆಯಿಂದ ಹೋದವರು ಎಡವುವುದು ಇಲ್ಲೇ. ಅಂಕ ಚೆನ್ನಾಗಿ ಬರುತ್ತದೆಂದು ಕಾಲೇಜಿನಲ್ಲಿ ಫ್ರೆಂಚ್ ತೆಗೆದುಕೊಂಡು, ಕ್ರಿಯಾರೂಪಗಳನ್ನು ಬರೆದೂ ಬರೆದೂ ಬಾಯಿಪಾಠ ಮಾಡಿದವರು ಇನ್ನೂ ಜೋರಾಗಿ ಎಡವುತ್ತಾರೆ. ಕಾಗುಣಿತ ಅವರ ಕಣ್ಣಲ್ಲಿ ಅಚ್ಚೊತ್ತಿರುತ್ತದೆ, ನಾಲಿಗೆ ಅದನ್ನೇ ಹಿಂಬಾಲಿಸುತ್ತದೆ, ‘ಇಲ್ ಪಾರ್ಲೆಂಟ್’ ಹೊರಗೆ ಬರುತ್ತದೆ. ಇದಕ್ಕೆ ಔಷಧ ಪದವನ್ನು ಉಚ್ಚಾರಾಂಶಗಳಾಗಿ, ಅಂದರೆ ಸಿಲಬಲ್‌ಗಳಾಗಿ, ಒಡೆಯುವುದು. ಮುಂದೆ ಅವನ್ನು ‘ತುಂಡು’ ಎಂದೇ ಕರೆಯೋಣ.

ಮೊದಲು, ಇಲ್ಲಿನ ಬರಹದ ಗುರುತುಗಳು

ಕಾಗುಣಿತ ಹೇಳಬೇಕಾದಾಗ ಅಕ್ಷರಗಳ ಇಂಗ್ಲಿಷ್ ಹೆಸರನ್ನು ಅಡ್ಡಗೆರೆಯಿಂದ ಸೇರಿಸಿದೆ: ಇ-ಎನ್-ಟಿ. ಉಚ್ಚಾರಣೆಯನ್ನು ಕನ್ನಡದಲ್ಲೇ ಬರೆದು, ತುಂಡುಗಳ ನಡುವೆ ಚುಕ್ಕೆ ಇಟ್ಟಿದೆ: ಪಾರ್·ಲೊಂ.

ಫ್ರೆಂಚ್ ಪದದಲ್ಲಿ ಸೊನ್ನೆ ಕಂಡರೆ ಅದು ಮೂಗಿನ ಸ್ವರ. ಕನ್ನಡದ ಸೊನ್ನೆ ಮುಂದಿನ ವ್ಯಂಜನ ನೋಡಿಕೊಂಡು ಙ್, ನ್, ಮ್ ಆಗುತ್ತದೆ. ಇಲ್ಲಿ ಹಾಗಲ್ಲ. ‘ಲೊಂ’ ಹೇಳಿ ಮುಗಿಸಿದಾಗ ತುಟಿ ಮುಚ್ಚಿರಬಾರದು, ನಾಲಿಗೆಯ ತುದಿ ಎಲ್ಲಿಗೂ ತಾಗಿರಬಾರದು. ನಿಜವಾದ ನಕಾರ ಇದ್ದ ಕಡೆ ‘ನ್’ ಎಂದೇ ಬರೆದಿದೆ.

ಸ್ವರದ ಪಕ್ಕ ° ಗುರುತಿದ್ದರೆ, ನಾಲಿಗೆಯನ್ನು ಅಲ್ಲಾಡಿಸದೆ ತುಟಿ ಮಾತ್ರ ಗುಂಡಗೆ ಮಾಡಿ. ‘ತೀ’ ಎನ್ನುತ್ತಾ ಸೀಟಿ ಊದುವವರಂತೆ ತುಟಿ ಮುಂದೆ ತಂದರೆ ತಿ°, ಅಂದರೆ ‘ನೀನು’. ‘ತ್ಯು’ ಅಲ್ಲ, ನಡುವೆ ಯಕಾರ ನುಸುಳಬಾರದು. ಹಾಗೆಯೇ ‘ಪೇ’ ಎನ್ನುತ್ತಾ ತುಟಿ ಸುತ್ತಿದರೆ ಪೇ°, ‘ಅವನಿಂದ ಆಗುತ್ತದೆ’ ಎನ್ನುವಾಗಿನ ಕ್ರಿಯಾಪದ.

ಝ ಎಂದರೆ ಮಹಾಪ್ರಾಣವಲ್ಲ. ‘ಶ’ ಎನ್ನುತ್ತಾ ಗಂಟಲು ಗುಂಯ್‌ಗುಡಿಸಿದರೆ ಬರುವ ಸದ್ದು. ಜ಼, ಫ಼ ಎರಡೂ ‘ಜ಼ೂ’, ‘ಕಾಫ಼ಿ’ ಪದಗಳಲ್ಲಿ ಇರುವಂಥವು. ರಕಾರ ನಾಲಿಗೆಯ ತುದಿಯಲ್ಲಲ್ಲ, ಕಿರುನಾಲಿಗೆಯ ಬಳಿ ಉಜ್ಜಿ ಬರುತ್ತದೆ. ದೀರ್ಘ ಅಕ್ಷರ ಬರೆದ ಕಡೆಯೂ ಎಳೆಯಬೇಡಿ, ಫ್ರೆಂಚ್ ತುಂಡುಗಳ ಅಳತೆ ಹೆಚ್ಚುಕಡಿಮೆ ಸಮ.

ಎ ಮತ್ತು ಏ ಬಗ್ಗೆ ಸ್ವಲ್ಪ ನಿಲ್ಲಬೇಕು, ಕಾಲ ಬದಲಾಗುವುದೇ ಇವುಗಳ ಮೇಲೆ. ಆಡುಮಾತಿನಲ್ಲಿ ‘ಬೇಡಿ’ ಮತ್ತು ‘ಬೇಡ’ ಎರಡನ್ನೂ ಹೇಳಿ ನೋಡಿ. ಕೊನೆಯ ಇಕಾರದ ಸೆಳೆತಕ್ಕೆ ‘ಬೇಡಿ’ಯ ಏ ಬಿಗಿಯಾಗುತ್ತದೆ. ‘ಬೇಡ’ದ ಏ ಬಾಯಿ ತೆರೆದುಕೊಂಡು ‘ಬ್ಯಾಡ’ದ ಕಡೆ ವಾಲುತ್ತದೆ. ಫ್ರೆಂಚ್‌ನ ಎರಡು ಸ್ವರಗಳೂ ಇವೇ, ಉದ್ದ ಮಾತ್ರ ಕಡಿಮೆ. ಬಿಗಿಯಾದ ‘ಬೇಡಿ’ಯದನ್ನು ಏ ಎಂದೂ, ತೆರೆದ ‘ಬೇಡ’ದ್ದನ್ನು ಎ ಎಂದೂ ಬರೆದಿದೆ. ಪಾರ್·ಲೇ ಎಂದರೆ ‘ಮಾತಾಡಿದ’, ಪಾರ್·ಲೆ ಎಂದರೆ ‘ಮಾತಾಡುತ್ತಿದ್ದ’.

ಒಂದು ಅನುಕೂಲವನ್ನೂ ಹೇಳಿಬಿಡೋಣ. ಫ್ರೆಂಚ್‌ನ ಪ, ತ, ಕ, ದ ಕನ್ನಡದವೇ: ಉಸಿರು ಹಾರುವುದಿಲ್ಲ, ತ ಮತ್ತು ದ ಹಲ್ಲಿಗೆ ತಾಗುತ್ತವೆ. ಇಂಗ್ಲಿಷ್ ಮೂಲಕ ಕಲಿಯುವಾಗ ಟ, ಡ ಬಂದುಬಿಡುತ್ತವೆ. ‘ಹೊರಡು’ ಎಂಬುದು ಪಾರ್·ತಿರ್, ಪಾರ್ಟಿರ್ ಅಲ್ಲ.

ಹೆಜ್ಜೆ 1: ಬಾಲ ಅಳಿಸಿ

ಕ್ರಿಯಾಪದ ಕಂಡ ಕೂಡಲೇ ಪೆನ್ಸಿಲ್ ತೆಗೆದುಕೊಂಡು ಕೊನೆಯಲ್ಲಿ ಇವು ಇದ್ದರೆ ಹೊಡೆದುಹಾಕಿ: ಇ, ಇ-ಎಸ್, ಬಹುವಚನದ ಇ-ಎನ್-ಟಿ, ಒಂಟಿ ಎಸ್, ಟಿ, ಡಿ, ಎಕ್ಸ್. ಇ-ಆರ್, ಇ-ಜ಼ೆಡ್ ಬಂದರೆ ಎರಡನ್ನೂ ಸೇರಿಸಿ ‘ಏ’ ಎಂದು ಓದಿ. ಆದ್ದರಿಂದಲೇ ‘ಮಾತಾಡುವುದು’, ‘ನೀವು ಮಾತಾಡುತ್ತೀರಿ’, ‘ಮಾತಾಡಿದ’ ಮೂರೂ ಪಾರ್·ಲೇ. ಫ್ರೆಂಚ್ ಮಕ್ಕಳೇ ಉಕ್ತಲೇಖನದಲ್ಲಿ ಇವನ್ನು ಅದಲುಬದಲು ಬರೆಯುತ್ತಾರೆ.

ಇ-ಆರ್ ಬಿಟ್ಟು ಉಳಿದ ಮೂಲರೂಪಗಳಲ್ಲಿ ಆರ್ ಕೇಳಿಸುತ್ತದೆ: ಫ಼ಿ·ನಿರ್ (ಮುಗಿಸು), ವಾಂದ್ರ್ (ಮಾರು). ಕೊನೆಯ ಟಿ ಅಥವಾ ಡಿ ಹಿಂದೆ ಆರ್ ಇದ್ದರೂ ಆರ್ ಉಳಿಯುತ್ತದೆ. ‘ಮಲಗುತ್ತಾನೆ’ ಎಂಬುದು ಡಿ-ಓ-ಆರ್-ಟಿ. ಟಿ ಹೋಗಿ ದೊರ್ ಆಗುತ್ತದೆಯೇ ಹೊರತು ‘ದೊ’ ಆಗುವುದಿಲ್ಲ.

ಇ-ಎನ್-ಟಿ ವಿಷಯದಲ್ಲಿ ಮೋಸಹೋಗುವ ಜಾಗ ಎರಡು. ಮೊದಲನೆಯದು, ಈ ಮೌನ ಬಹುವಚನದ ಕ್ರಿಯಾಪದಕ್ಕೆ ಮಾತ್ರ. ಅದೇ ಕಾಗುಣಿತದ ನಾಮಪದದಲ್ಲಿ ಅದು ‘ಆಂ’ ಆಗುತ್ತದೆ. ರಾಷ್ಟ್ರಾಧ್ಯಕ್ಷ ಪ್ರೇ·ಜ಼ಿ·ದಾಂ, ಮೂರು ತುಂಡು. ‘ಅವರು ಅಧ್ಯಕ್ಷತೆ ವಹಿಸುತ್ತಾರೆ’ ಪ್ರೇ·ಜ಼ಿದ್, ಎರಡೇ. ಬರವಣಿಗೆಯಲ್ಲಿ ಎರಡೂ ಒಂದೇ. ಫ್ರೆಂಚ್ ಶಾಲೆಗಳಲ್ಲಿ ಇದಕ್ಕೆಂದೇ ಒಂದು ಹಳೆಯ ವಾಕ್ಯವಿದೆ: ‘ಲೇ ಪೂಲ್ ದಿ° ಕೂವಾಂ ಕೂವ್’, ಅಂದರೆ ಕಾನ್ವೆಂಟಿನ ಕೋಳಿಗಳು ಕಾವು ಕೂತಿವೆ. ಕೊನೆಯ ಎರಡು ಪದಗಳ ಕಾಗುಣಿತ ಒಂದೇ.

ಎರಡನೆಯದು, ಏಕವಚನದಲ್ಲೇ ಇ-ಎನ್-ಟಿ ಇರುವ ಕ್ರಿಯಾಪದಗಳು: ವ್ಯೆಂ (ಬರುತ್ತಾನೆ), ತ್ಯೆಂ (ಹಿಡಿದಿದ್ದಾನೆ), ಸಾಂ (ಗ್ರಹಿಸುತ್ತಾನೆ), ಮಾಂ (ಸುಳ್ಳಾಡುತ್ತಾನೆ). ಇಲ್ಲಿ ಟಿ ಮಾತ್ರ ಬಾಲ, ಎನ್ ಧಾತುವಿನದು. ಅನುಮಾನ ಬಂದರೆ ಕರ್ತೃ ಏಕವಚನವೋ ಬಹುವಚನವೋ ನೋಡಿ, ಸಾಕು.

ಬಾಲ ಅಳಿಸಿದ ಮೇಲೆ ಕೊನೆಯಲ್ಲಿ ವ್ಯಂಜನ ಉಳಿದರೆ ಅಲ್ಲೇ ನಿಲ್ಲಿಸಬೇಕು. ಕನ್ನಡದ ಬಾಯಿಗೆ ಇದೇ ಎಲ್ಲಕ್ಕಿಂತ ಕಷ್ಟ. ಬಸ್ ಬಸ್ಸಾಗಿ, ಕಾರ್ ಕಾರಾಗಿ, ಕೊನೆಗೊಂದು ಉಕಾರ ಅಂಟಿಸಿಯೇ ನಮಗೆ ಸಮಾಧಾನ. ಹಾಗಾಗಿ ಪಾರ್ಲ್ ‘ಪಾರ್ಲು’ ಆಗುತ್ತದೆ, ಮೆತ್ ‘ಮೆತ್ತು’ ಆಗುತ್ತದೆ. ಫ್ರೆಂಚ್ ಕಿವಿಗೆ ಇದು ಒಂದು ತುಂಡು ಹೆಚ್ಚಾದ ಬೇರೆ ಪದ. ತಪ್ಪಿಸಲು ಒಂದು ಉಪಾಯವಿದೆ: ಕೊನೆಯ ವ್ಯಂಜನವನ್ನು ಹೇಳಿ ನಾಲಿಗೆಯನ್ನು ಹಿಂತೆಗೆಯದೆ ಅಲ್ಲೇ ಒಂದು ಕ್ಷಣ ಹಿಡಿಯಿರಿ, ಆಮೇಲೆ ದನಿಯಿಲ್ಲದೆ ಬರೀ ಗಾಳಿಯಲ್ಲಿ ಬಿಡಿ. ‘ಬಾಯ್’, ‘ನಾಯ್’ ಎನ್ನುವಂತೆ ಯ್ ಮೇಲೆ ನಿಲ್ಲುವುದು ಮಾತ್ರ ನಮಗೆ ನೀರು ಕುಡಿದಂತೆ. ‘ಕೆಲಸ ಮಾಡುತ್ತಾನೆ’ ತ್ರಾ·ವಾಯ್ ಎಂಬುದರಲ್ಲಿ ಯಾರೂ ತಪ್ಪುವುದಿಲ್ಲ.

ಆ ಕೊನೆಯ ವ್ಯಂಜನ ಯಾಕೆ ಅಷ್ಟು ಮುಖ್ಯ

ಇಲ್ ಎಂದರೆ ಅವನು, ಬಹುವಚನ ಎಸ್ ಸೇರಿಸಿ ಬರೆದರೂ ಕೇಳಿಸುವುದು ‘ಇಲ್’ ಎಂದೇ. ಒಬ್ಬನೋ ಹಲವರೋ ಎಂದು ಹೇಳುವ ಕೆಲಸ ಬಹಳಷ್ಟು ಕ್ರಿಯಾಪದಗಳಲ್ಲಿ ಕೊನೆಯ ವ್ಯಂಜನದ ಮೇಲೆಯೇ ಬೀಳುತ್ತದೆ:

- ಮುಗಿಸು: ಇಲ್ ಫ಼ಿ·ನಿ, ಬಹುವಚನ ಇಲ್ ಫ಼ಿ·ನಿಸ್
- ಮಾರು: ವಾಂ, ವಾಂದ್
- ಇಡು: ಮೆ, ಮೆತ್
- ಮಲಗು: ದೊರ್, ದೊರ್ಮ್
- ತೆಗೆದುಕೋ: ಪ್ರಾಂ, ಪ್ರೆನ್
- ಬಾ: ವ್ಯೆಂ, ವ್ಯೆನ್
- ಆಗು, ಶಕ್ತನಾಗು: ಪೇ°, ಪೆ°ವ್

ಎಂಟು ಹತ್ತು ದಿನ ಬರೀ ಈ ಏಳು ಜೋಡಿಗಳನ್ನು ಹೇಳಿದರೂ ಸಮಯ ವ್ಯರ್ಥವಲ್ಲ. ಇವುಗಳ ಪೈಕಿ ಎರಡು ಜೋಡಿಗಳಲ್ಲಿ, ಪ್ರಾಂ-ಪ್ರೆನ್ ಮತ್ತು ವ್ಯೆಂ-ವ್ಯೆನ್‌ನಲ್ಲಿ, ಏಕವಚನ ಪೂರ್ತಿ ಮೂಗು, ಬಹುವಚನದಲ್ಲಿ ಮೂಗು ಮುಚ್ಚಿ ನಾಲಿಗೆ ನಕಾರಕ್ಕೆ ಏರುತ್ತದೆ. ಸ್ವರದ ನಂತರದ ಎನ್ ಅಥವಾ ಎಮ್ ಮುಂದೆ ಇನ್ನೊಂದು ಸ್ವರವೋ, ಇನ್ನೊಂದು ಎನ್ ಅಥವಾ ಎಮ್ಮೋ ಬಂದರೆ ಮೂಗಿನ ಸ್ವರ ಅಳಿಯುತ್ತದೆ. ಪದದ ಆದಿಯ ಇ-ಎನ್, ಇ-ಎಮ್ ಉಪಸರ್ಗ ಮಾತ್ರ ಈ ನಿಯಮಕ್ಕೆ ಬಗ್ಗುವುದಿಲ್ಲ: ‘ಕರೆದುಕೊಂಡು ಹೋಗುತ್ತೇನೆ’ ಝಾಂ·ಮೆನ್.

ಹೆಜ್ಜೆ 2: ಉಳಿದದ್ದರಲ್ಲಿ ಸ್ವರದ ಸದ್ದು ಎಣಿಸಿ

ಒಂದು ಸ್ವರದ ಸದ್ದಿಗೆ ಒಂದು ತುಂಡು. ಎಣಿಸಬೇಕಾದ್ದು ಸದ್ದನ್ನು, ಅಕ್ಷರವನ್ನಲ್ಲ. ಎ-ಐ ಸೇರಿ ಒಂದೇ ಎ, ಓ-ಯು ಸೇರಿ ಒಂದೇ ಊ, ಓ-ಐ ಸೇರಿ ವಾ, ಸ್ವರದ ಜೊತೆ ಎನ್ ಸೇರಿ ಒಂದೇ ಮೂಗಿನ ಸ್ವರ. ‘ಇರಲಿ’ ಎಂಬ ಅರ್ಥದಲ್ಲಿ ಬಹುವಚನಕ್ಕೆ ಬರುವ ಎ-ಐ-ಇ-ಎನ್-ಟಿ ಐದು ಅಕ್ಷರ, ಸದ್ದು ಬರೀ ‘ಎ’. ‘ಹೊಂದಿದ್ದ’ ಎಂಬ ಅರ್ಥದ ಇ-ಯು ಎರಡಕ್ಷರವಂತೂ ಯಾವ ನಿಯಮಕ್ಕೂ ಸಿಗದೆ ‘ಇ°’ ಆಗುತ್ತದೆ.

ಎರಡು ಸ್ವರಗಳನ್ನು ಬಿಡಿಸಿ ಓದಬೇಕೆಂದಿದ್ದರೆ ಎರಡನೆಯದರ ತಲೆ ಮೇಲೆ ಜೋಡಿ ಚುಕ್ಕೆ ಇರುತ್ತದೆ. ‘ದ್ವೇಷಿಸುತ್ತೇನೆ’ ಝ·ಎ, ಚುಕ್ಕೆಯಿಲ್ಲ, ಒಂದೇ ಎ. ‘ದ್ವೇಷಿಸುತ್ತೇವೆ’ ನೂ·ಆ·ಇ·ಸೊಂ, ಚುಕ್ಕೆ ಇದೆ, ಎರಡು ಸ್ವರ.

ಬರೀ ಕಾವಲಿಗೆ ನಿಂತ ಅಕ್ಷರಗಳನ್ನೂ ಎಣಿಸಬೇಡಿ. ‘ತಿನ್ನುತ್ತೇವೆ’ ಎಂಬುದರಲ್ಲಿ ಜಿ ಆದ ಮೇಲೆ ಒಂದು ಇ ಇದೆ. ಅದು ಜಿ ಅಕ್ಷರ ‘ಗ’ ಆಗದಂತೆ ತಡೆಯಲು ಮಾತ್ರ. ಓದುವುದು ಮಾಂ·ಝೊಂ, ‘ಮಾಂ·ಝೆ·ಒಂ’ ಅಲ್ಲ. ‘ವಿವರಿಸುತ್ತೇವೆ’ ಎಂಬುದರ ಕ್ಯೂ-ಯು ಕೂಡ ಹಾಗೇ: ಕೊಂ, ‘ಕ್ವೊಂ’ ಅಲ್ಲ.

ಹೆಜ್ಜೆ 3: ವ್ಯಂಜನಗಳನ್ನು ಹಂಚಿ

ಎರಡು ಸ್ವರಗಳ ನಡುವೆ ಒಂದೇ ವ್ಯಂಜನವಿದ್ದರೆ ಅದು ಮುಂದಿನ ತುಂಡಿನದು: ಫ಼ಿ·ನಿ·ಸೊಂ. ಕನ್ನಡದ ಅಕ್ಷರಮಾಲೆ ಕಟ್ಟಿರುವುದೇ ಹೀಗಾದ್ದರಿಂದ ಇದು ತಾನಾಗಿಯೇ ಬರುತ್ತದೆ. ಸಿ-ಎಚ್, ಪಿ-ಎಚ್, ಜಿ-ಎನ್ ಜೋಡಿಗಳು ಬರೆಯಲು ಎರಡು, ಲೆಕ್ಕಕ್ಕೆ ಒಂದು. ‘ಗೆಲ್ಲು’ ಗಾ·ಞೇ. ಕನ್ನಡದಲ್ಲಿ ಮೂಲೆಗುಂಪಾದ ಞಕಾರ ಇಲ್ಲಿ ದಿನಬಳಕೆಯದು.

ಎರಡು ವ್ಯಂಜನವಿದ್ದರೆ ಒಂದು ಹಿಂದಕ್ಕೆ, ಒಂದು ಮುಂದಕ್ಕೆ: ಪಾರ್·ಲೊಂ. ಲಿಪಿಯ ಪ್ರಕಾರ ‘ಪಾ’ ಬೇರೆ, ‘ರ್ಲೊ’ ಬೇರೆ ಎಂದು ಕಣ್ಣಿಗೆ ಕಂಡರೂ ಛಂದಸ್ಸು ಓದಿದವರಿಗೆ ನಿಜ ಗೊತ್ತು. ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುವುದು ಮೊದಲ ವ್ಯಂಜನ ಹಿಂದಕ್ಕೆ ಒರಗುವುದರಿಂದಲೇ.

ಅದೇ ಛಂದಸ್ಸು ಮುಂದಿನ ನಿಯಮದಲ್ಲಿ ಕೈಕೊಡುತ್ತದೆ. ಎರಡನೆಯ ವ್ಯಂಜನ ರ ಅಥವಾ ಲ ಆಗಿದ್ದು, ಮೊದಲನೆಯದು ಪ, ಬ, ತ, ದ, ಕ, ಗ, ಫ಼, ವ ಆಗಿದ್ದರೆ ಜೋಡಿ ಒಡೆಯುವುದಿಲ್ಲ, ಇಡಿಯಾಗಿ ಮುಂದಕ್ಕೆ ಹೋಗುತ್ತದೆ. (ತ ಮತ್ತು ದಕಾರಕ್ಕೆ ರ ಜೊತೆ ಮಾತ್ರ ಈ ಸೌಲಭ್ಯ.) ‘ತೆರೆಯುತ್ತೇವೆ’ ಊ·ವ್ರೊಂ, ‘ಇಮ್ಮಡಿಸುತ್ತೇವೆ’ ದೂ·ಬ್ಲೊಂ. ನಾವು ‘ಚಕ್ರ’ವನ್ನು ಚಕ್·ಕ್ರ ಎಂದೂ, ‘ಪುತ್ರ’ವನ್ನು ಪುತ್·ತ್ರ ಎಂದೂ ಮೊದಲ ವ್ಯಂಜನವನ್ನು ಇಮ್ಮಡಿಸಿ ಹೇಳುತ್ತೇವೆ. ಅದೇ ರೂಢಿಯಲ್ಲಿ ‘ದೂಬ್·ಬ್ಲೊಂ’ ಹೊರಡುತ್ತದೆ. ಫ್ರೆಂಚ್‌ನಲ್ಲಿ ಹಿಂದಿನ ಸ್ವರಕ್ಕೆ ಈ ಜೋಡಿಯ ಭಾರ ತಾಗಲೇಬಾರದು. ಹಳಗನ್ನಡದ ಶಿಥಿಲದ್ವಿತ್ವ ಗೊತ್ತಿದ್ದವರು, ಒತ್ತಿದ್ದರೂ ಹಿಂದಿನದು ಲಘುವಾಗಿಯೇ ಉಳಿಯುವ ಆ ಸಡಿಲತನವನ್ನು ನೆನೆಸಿಕೊಂಡರೆ ಕಿವಿ ಬೇಗ ಒಗ್ಗುತ್ತದೆ.

ಜೋಡಿ ಅಕ್ಷರಗಳು, ಅಂದರೆ ಎನ್-ಎನ್, ಪಿ-ಪಿ, ಟಿ-ಟಿ, ಎಲ್-ಎಲ್, ಸಾಲಿನ ಕೊನೆಯಲ್ಲಿ ಪದ ಮುರಿಯುವಾಗ ಬೇರೆಯಾಗುತ್ತವೆ. ಬಾಯಲ್ಲಿ ಮಾತ್ರ ಒಂದೇ. ಕನ್ನಡದಲ್ಲಿ ‘ಅಪ’ ಬೇರೆ ‘ಅಪ್ಪ’ ಬೇರೆ, ಹಾಗಾಗಿ ಎರಡು ಪಿ ಕಂಡರೆ ತುಟಿ ತಾನಾಗಿ ಒತ್ತುತ್ತದೆ. ‘ಕರೆಯುತ್ತಾನೆ’ ಆ·ಪೆಲ್, ‘ಆಪ್·ಪೆಲ್’ ಅಲ್ಲ. ನಿಜವಾಗಿ ಒತ್ತಿ ಹೇಳಬೇಕಾದ ಕಡೆ ಬಹಳ ಕಡಿಮೆ. ಮುಖ್ಯವಾದದ್ದು ‘ಓಡು’: ಕೂ·ರೆ ಎಂದರೆ ‘ಓಡುತ್ತಿದ್ದ’, ಕೂರ್·ರೆ ಎಂದರೆ ‘ಓಡುತ್ತಿದ್ದನೇನೋ, ಓಡಿಯಾನು’. ಒಂದು ರಕಾರದ ಒತ್ತಿನಲ್ಲಿ ಕ್ರಿಯೆಯ ಅರ್ಥವೇ ಮಗುಚುತ್ತದೆ. ‘ಸಾಯು’ ಕ್ರಿಯಾಪದಕ್ಕೂ ಇದೇ. ಆದರೆ ಎರಡು ಆರ್ ಇದ್ದರೂ ‘ನೋಡುವೆನು’ ವೆ·ರೇ, ‘ಶಕ್ತನಾಗುವೆನು’ ಪೂ·ರೇ, ಇವುಗಳಲ್ಲಿ ಒತ್ತಿಲ್ಲ.

ಸ್ವರಗಳ ನಡುವೆ ಒಂಟಿ ಎಸ್ ಇದ್ದರೆ ಜ಼, ಜೋಡಿ ಎಸ್ ಇದ್ದರೆ ಸ: ‘ಓದುತ್ತೇವೆ’ ಲಿ·ಜ಼ೊಂ, ‘ಮುಗಿಸುತ್ತೇವೆ’ ಫ಼ಿ·ನಿ·ಸೊಂ. ಇಲ್ಲೇ ಒಂದು ವಕ್ರವನ್ನು ಗಟ್ಟಿ ಮಾಡಿಕೊಳ್ಳಿ. ‘ಮಾಡುತ್ತೇವೆ’ ಎಂಬುದರಲ್ಲಿ ಎ-ಐ ಇದ್ದರೂ ಫ಼ೆ·ಜ಼ೊಂ ಅಲ್ಲ, ಫ಼·ಜ಼ೊಂ. ‘ಮಾಡುತ್ತಿದ್ದೆ’ ಫ಼·ಜ಼ೆ. ‘ನೀವು ಮಾಡುತ್ತೀರಿ’ ಮಾತ್ರ ಫ಼ೆತ್. ವರ್ಷಗಟ್ಟಲೆ ಕಲಿತವರೂ ಇದರಲ್ಲಿ ಸಿಕ್ಕಿಬೀಳುತ್ತಾರೆ.

ಹೆಜ್ಜೆ 4: ಐ ಅಕ್ಷರದ ಮುಂದೆ ಸ್ವರ ಬಂದರೆ

ಸಾಮಾನ್ಯವಾಗಿ ಐ ಕರಗಿ ಯಕಾರವಾಗಿ ಅದೇ ತುಂಡಿಗೆ ಸೇರಿಕೊಳ್ಳುತ್ತದೆ. ‘ಓದು, ಅಭ್ಯಾಸ ಮಾಡು’ ಏ·ತಿ°·ದ್ಯೇ, ಮೂರು ತುಂಡು. ‘ನಾವು ಮಾತಾಡುತ್ತಿದ್ದೆವು’ ಪಾರ್·ಲ್ಯೊಂ, ಎರಡು.

ಆದರೆ ಅದರ ಹಿಂದೆ ಮೇಲೆ ಹೇಳಿದ ಒಡೆಯದ ಜೋಡಿ ಇದ್ದರೆ ಐ ಕರಗುವುದಿಲ್ಲ, ಸ್ವಂತ ತುಂಡಾಗಿ ನಿಲ್ಲುತ್ತದೆ, ಮುಂದಿನ ಸ್ವರಕ್ಕೆ ದಾಟಲು ನಡುವೆ ಒಂದು ಯಕಾರ ಹುಟ್ಟುತ್ತದೆ. ‘ಕೂಗು’ ಕ್ರಿ·ಯೇ, ‘ಮರೆ’ ಊ·ಬ್ಲಿ·ಯೇ, ‘ನಮಗೆ ಬೇಕಿತ್ತು’ ಎಂಬ ವಿನಯದ ರೂಪ ವೂ·ದ್ರಿ·ಯೊಂ. ಶಾಲೆಯಲ್ಲಿ ಕಲಿತ ಯಕಾರಾಗಮ ಸಂಧಿಯೇ ಇದು: ಮನೆ ಮತ್ತು ಅಲ್ಲಿ ಸೇರಿ ಮನೆಯಲ್ಲಿ ಆದಂತೆ, ಕ್ರಿ ಮತ್ತು ಏ ಸೇರಿ ಕ್ರಿಯೇ. ‘ವೂದ್ರ್ಯೊಂ’ ಎಂದು ಎರಡೇ ತುಂಡಿನಲ್ಲಿ ಮುಗಿಸಲು ಹೋದರೆ ನಾಲಿಗೆ ಗಂಟುಬೀಳುತ್ತದೆ. ಫ್ರೆಂಚರ ನಾಲಿಗೆಗೂ ಅದು ಒಗ್ಗದೇ ಇರುವುದರಿಂದಲೇ ಈ ನಿಯಮ.

‘ಕೂಗುತ್ತಿದ್ದೆವು’ ಎಂಬುದರಲ್ಲಿ ಐ ಎರಡು ಸಲ ಬರುತ್ತದೆ. ಅದು ಅಚ್ಚಿನ ತಪ್ಪಲ್ಲ. ಒಂದು ಧಾತುವಿನದು, ಇನ್ನೊಂದು ಕಾಲದ ಪ್ರತ್ಯಯದ್ದು. ಎಚ್ಚರದಿಂದ ಹೇಳುವವರು ಯಕಾರವನ್ನು ಒತ್ತುತ್ತಾರೆ: ಕ್ರಿಯ್·ಯೊಂ.

ವೈ ಅಕ್ಷರವನ್ನು ಎರಡು ಐ ಎಂದು ಎಣಿಸಿ, ಒಂದನ್ನು ಹಿಂದಕ್ಕೆ ಒಂದನ್ನು ಮುಂದಕ್ಕೆ ಕೊಡಿ. ‘ಬಳಸುತ್ತೇವೆ’ ಆಂ·ಪ್ಲ್ವಾ·ಯೊಂ. ಬಾಲ ಮೌನವಾದ ರೂಪದಲ್ಲಿ ವೈ ಹೋಗಿ ಐ ಬರುತ್ತದೆ: ‘ಬಳಸುತ್ತಾನೆ’ ಆಂ·ಪ್ಲ್ವಾ. ‘ಹಣ ಕೊಡು’ ಎಂಬುದಕ್ಕೆ ಮಾತ್ರ ಪೆ, ಪೆಯ್ ಎರಡೂ ಸರಿ, ಎರಡು ಕಾಗುಣಿತವೂ ಸರಿ.

ಹೆಜ್ಜೆ 5: ನಡುವಿನ ಇ ಬೀಳುತ್ತದೆಯೋ ಉಳಿಯುತ್ತದೆಯೋ

ಭವಿಷ್ಯ ಕಾಲದಲ್ಲಿ ಧಾತುವಿಗೂ ರಕಾರಕ್ಕೂ ನಡುವೆ ಒಂದು ಬಡಪಾಯಿ ಇ ಕೂತಿರುತ್ತದೆ. ಅದರ ಹಿಂದೆ ಒಂದೇ ವ್ಯಂಜನದ ಸದ್ದಿದ್ದರೆ ಮಾತಿನಲ್ಲಿ ಅದು ಬೀಳುತ್ತದೆ: ‘ಕೊಡುವೆನು’ ದೊನ್·ರೇ. ಎರಡು ವ್ಯಂಜನದ ಸದ್ದಿದ್ದರೆ ‘ಅ’ ಎಂದು ಉಳಿಯುತ್ತದೆ: ಪಾರ್·ಲ·ರೇ. ಬಿದ್ದರೆ ಮೂರು ವ್ಯಂಜನ ಒಟ್ಟಿಗೆ ತಿಕ್ಕಾಡುತ್ತವೆ, ಅದನ್ನು ತಪ್ಪಿಸಲು ಈ ಏರ್ಪಾಡು. ಇದನ್ನು ನಿಯಮವಾಗಿ ಕಟ್ಟಿದ ಫ್ರೆಂಚ್ ಭಾಷಾವಿಜ್ಞಾನಿ ಮೋರಿಸ್ ಗ್ರಾಮೊಂ ‘ಮೂರು ವ್ಯಂಜನಗಳ ನಿಯಮ’ ಎಂದೇ ಕರೆದ.

ಇದು ನಮಗೆ ಹೊಸತಲ್ಲ. ‘ಹೇಳಿದ’ ಎಂದು ಬರೆದು ‘ಹೇಳ್ದ’ ಎನ್ನುತ್ತೇವೆ, ‘ಬರುತ್ತಾರೆ’ ಎಂದು ಬರೆದು ‘ಬರ್ತಾರೆ’ ಎನ್ನುತ್ತೇವೆ. ದೊನ್·ರೇ ಅದೇ ಜಾತಿಯದು.

ನಾವು, ನೀವು ರೂಪಗಳ ಷರತ್ತಿನ ಕ್ರಿಯೆಯಲ್ಲಿ ಬಿದ್ದ ಇ ಮತ್ತೆ ಎದ್ದು ಬರುತ್ತದೆ: ದೊ·ನ·ರ್ಯೊಂ. ಮುಂದೆ ರ ಮತ್ತು ಯ ಎರಡು ಸೇರಿರುವುದರಿಂದ ಆಧಾರ ಬೇಕು. ಹಿಂದೆ ಸ್ವರವೇ ಇದ್ದರೆ ಇ ಸುಳಿವಿಲ್ಲದೆ ಹೋಗುತ್ತದೆ. ‘ಕೂಗುವೆನು’ ಕ್ರಿ·ರೇ, ‘ಕ್ರಿ·ಯೆ·ರೇ’ ಅಲ್ಲ. ‘ಓದುವೆನು’ ಏ·ತಿ°·ದಿ·ರೇ, ಇಲ್ಲಿ ಕರಗಿದ್ದ ಇಕಾರ ಮತ್ತೆ ಪೂರ್ಣ ಸ್ವರ.

ಇದೆಲ್ಲ ಪ್ಯಾರಿಸ್ ಕಡೆಯ ಮಾತು. ಮಾರ್ಸೇ, ತುಲೂಸ್‌ನಂಥ ದಕ್ಷಿಣದ ಊರುಗಳ ಹಳೆಯ ಮಾತಿನಲ್ಲಿ ಕೊನೆಯ ಇ ಕೂಡ ಕೇಳಿಸುತ್ತದೆ: ಪಾರ್·ಲ. ಛಂದೋಬದ್ಧ ಪದ್ಯದಲ್ಲೂ ಮುಂದೆ ವ್ಯಂಜನ ಬಂದರೆ ಆ ಇ ಲೆಕ್ಕಕ್ಕೆ ಬರುತ್ತದೆ, 12 ತುಂಡಿನ ಸಾಲು ತುಂಬುವುದು ಅದರಿಂದಲೇ. ಹಾಡು ಕೇಳಿ ಉಚ್ಚಾರಣೆ ಕಲಿಯುವವರು ಇದನ್ನು ನೆನಪಿಡಬೇಕು: ಹಾಡಿನಲ್ಲಿ ಸಿಕ್ಕ ಹೆಚ್ಚುವರಿ ತುಂಡನ್ನು ಮಾತಿಗೆ ತರಬೇಡಿ.

ಹೆಜ್ಜೆ 6: ಧಾತು ಯಾಕೆ ವೇಷ ಬದಲಿಸುತ್ತದೆ

‘ಕರೆ’ ಕ್ರಿಯಾಪದದಲ್ಲಿ ಕೆಲವೆಡೆ ಒಂದು ಎಲ್, ಕೆಲವೆಡೆ ಎರಡು. ‘ಕೊಳ್ಳು’ ಕ್ರಿಯಾಪದದಲ್ಲಿ ಕೆಲವೆಡೆ ಇ ತಲೆಯ ಮೇಲೆ ಓರೆಗೆರೆ. ಪಟ್ಟಿ ಮಾಡಿ ಉರುಹೊಡೆಯುವವರೇ ಹೆಚ್ಚು, ಆದರೆ ತುಂಡು ಮಾಡಿದರೆ ಕಾರಣ ಕಣ್ಣಿಗೆ ಬೀಳುತ್ತದೆ. ಬಾಲ ಮೌನವಾದಾಗ ಧಾತುವಿನ ಸ್ವರ ಕೊನೆಯ ತುಂಡಿಗೆ ಬಂದು ನಿಲ್ಲುತ್ತದೆ. ಫ್ರೆಂಚ್‌ನಲ್ಲಿ ಒತ್ತು ಬೀಳುವುದೇ ಕೊನೆಯ ತುಂಡಿನ ಮೇಲೆ, ಬಡಪಾಯಿ ‘ಅ’ ಆ ಭಾರ ಹೊರಲಾರದು. ಹಾಗಾಗಿ ಅದು ತೆರೆದ ಎ ಆಗುತ್ತದೆ, ಕಾಗುಣಿತ ಅದನ್ನು ಎಲ್-ಎಲ್ ಅಥವಾ ಓರೆಗೆರೆಯಿಂದ ತೋರಿಸುತ್ತದೆ. ಆ·ಪೆಲ್, ಆದರೆ ಆ·ಪ್ಲೊಂ. ಆ·ಶೆತ್, ಆದರೆ ಆಶ್·ತೊಂ. ‘ಇಷ್ಟಪಡು’ ಎಂಬುದರಲ್ಲಿ ಬಿಗಿ ಏ ತೆರೆದ ಎ ಆಗುತ್ತದೆ: ಪ್ರೇ·ಫ಼ೆರ್, ಆದರೆ ಪ್ರೇ·ಫ಼ೇ·ರೊಂ.

ಈ ಕೊನೆಯ ಕ್ರಿಯಾಪದದ ಭವಿಷ್ಯ ರೂಪದಲ್ಲಿ ಹಳೆಯ ಕಾಗುಣಿತ ಬಿಗಿ ಏ ತೋರಿಸುತ್ತಿತ್ತು, ಬಾಯಿ ತೆರೆದ ಎ ಹೇಳುತ್ತಿತ್ತು. 1990ರ ಡಿಸೆಂಬರ್ 6ರಂದು ಫ್ರಾನ್ಸ್ ಸರ್ಕಾರದ ಗೆಜೆಟ್‌ನಲ್ಲಿ ಪ್ರಕಟವಾದ ಕಾಗುಣಿತ ತಿದ್ದುಪಡಿ ಬಾಯಿಯ ಪರವಾಗಿ ತೀರ್ಪು ಕೊಟ್ಟಿತು. ಈಗ ಎರಡೂ ಕಾಗುಣಿತ ನಡೆಯುತ್ತವೆ, ಉಚ್ಚಾರಣೆ ಮಾತ್ರ ಒಂದೇ.

ಹೆಜ್ಜೆ 7: ಪದದ ಗಡಿ ದಾಟಿಸಿ

ಇಷ್ಟು ಹೊತ್ತು ಕ್ರಿಯಾಪದ ಒಂಟಿಯಾಗಿತ್ತು. ಮಾತಿನಲ್ಲಿ ಅದರ ಹಿಂದೆ ಸರ್ವನಾಮ ಇರುತ್ತದೆ, ತುಂಡಿನ ಗಡಿ ಪದದ ಗಡಿಯನ್ನು ಲೆಕ್ಕಿಸುವುದಿಲ್ಲ. ‘ಅವನ್’ ಮತ್ತು ‘ಎಲ್ಲಿ’ ಸೇರಿ ಅ·ವ·ನೆಲ್·ಲಿ ಆದಂತೆ, ಇಲ್ ಮತ್ತು ಎಮ್ ಸೇರಿ ಇ·ಲೆಮ್, ‘ಅವನು ಪ್ರೀತಿಸುತ್ತಾನೆ’. ಬಹುವಚನದಲ್ಲಿ ಸರ್ವನಾಮದ ಮಲಗಿದ್ದ ಎಸ್ ಜ಼ ಆಗಿ ಎದ್ದು ಕ್ರಿಯಾಪದದ ತುಂಡಿಗೆ ಸೇರುತ್ತದೆ: ಇಲ್·ಜ಼ೆಮ್. ನೂ·ಜ಼ಾ·ವೊಂ, ವೂ·ಜ಼ೆತ್, ಒಂ·ನಾ ಎಲ್ಲ ಹೀಗೇ. ಇಲ್·ಜ಼ೊಂ ಎಂದರೆ ‘ಅವರ ಬಳಿ ಇದೆ’, ಇಲ್·ಸೊಂ ಎಂದರೆ ‘ಅವರು ಇದ್ದಾರೆ’. ಜ಼ ಜಾಗದಲ್ಲಿ ಸ ಹೇಳುವ ನಮ್ಮ ರೂಢಿ ಇಲ್ಲಿ ನೇರವಾಗಿ ಅರ್ಥ ಕೆಡಿಸುತ್ತದೆ.

ಸರ್ವನಾಮ ಕ್ರಿಯಾಪದದ ನಂತರ ಬಂದು ಪ್ರಶ್ನೆಯಾದಾಗ ಡಿ ಅಕ್ಷರ ತಕಾರವಾಗುತ್ತದೆ: ‘ತೆಗೆದುಕೊಳ್ಳುತ್ತಾನೆಯೇ’ ಪ್ರಾಂ·ತಿಲ್. ಎರಡು ಸ್ವರ ಎದುರಾದರೆ ಇಲ್ಲದ ತಕಾರವನ್ನೇ ತಂದಿಡುತ್ತಾರೆ: ‘ಅವನ ಬಳಿ ಇದೆಯೇ’ ಆ·ತಿಲ್. ನಮ್ಮ ಆಗಮ ಸಂಧಿಗೆ ಯ, ವ ಇದ್ದಂತೆ ಅವರಿಗೆ ಇಲ್ಲಿ ತ.

ಒಂದು ಪದವನ್ನು ಹತ್ತಿರದಿಂದ

‘ಅವರ ಹೆಸರು ಹೀಗಿರುತ್ತಿತ್ತೇನೋ’ ಎನ್ನಲು ಬರುವ ಕ್ರಿಯಾಪದದ ಕಾಗುಣಿತ ಎ-ಪಿ-ಪಿ-ಇ-ಎಲ್-ಎಲ್-ಇ-ಆರ್-ಎ-ಐ-ಇ-ಎನ್-ಟಿ. ಹದಿಮೂರು ಅಕ್ಷರ. ಬಾಲದ ಇ-ಎನ್-ಟಿ ಹೊಡೆಯಿರಿ, ಹತ್ತು ಉಳಿಯಿತು. ಜೋಡಿ ಪಿ, ಜೋಡಿ ಎಲ್ ಒಂದೊಂದಾಗಲಿ, ಎಂಟು. ಎ-ಐ ಸೇರಿ ತೆರೆದ ಎ, ಈಗ ಏಳು ಸದ್ದು: ಆ, ಪ್, ಎ, ಲ್, ಅ, ರ್, ಎ. ನಡುವಿನ ಬಡಪಾಯಿ ಅಕಾರದ ಹಿಂದೆ ಲ್ ಒಂದೇ ಇದೆ, ಆದ್ದರಿಂದ ಅದು ಬೀಳುತ್ತದೆ. ಆರು ಸದ್ದು, ಮೂರು ಸ್ವರ, ಮೂರು ತುಂಡು. ಲ್ ಮತ್ತು ರ್ ಒಡೆಯುವ ಜೋಡಿ, ಲ್ ಹಿಂದಕ್ಕೆ: ಆ·ಪೆಲ್·ರೆ. ಹಿಂದೆ ಸರ್ವನಾಮಗಳು ಸೇರಿದರೆ ಇಲ್·ಸಾ·ಪೆಲ್·ರೆ, ಒತ್ತು ಕೊನೆಯ ‘ರೆ’ ಮೇಲೆ. ಕೊನೆಯ ಸ್ವರ ‘ಬೇಡ’ದ್ದು, ‘ಬೇಡಿ’ಯದಲ್ಲ.

ಇಂಥ ಪದವನ್ನು ಬಾಯಿಗೆ ತರುವಾಗ ಹಿಂದಿನಿಂದ ಕಟ್ಟಿ: ರೆ, ಪೆಲ್·ರೆ, ಸಾ·ಪೆಲ್·ರೆ, ಇಲ್·ಸಾ·ಪೆಲ್·ರೆ. ಮುಂದಿನಿಂದ ಶುರುಮಾಡಿದರೆ ಮೊದಲ ತುಂಡಿನ ಮೇಲೆ ಒತ್ತು ಬಿದ್ದು ಕೊನೆಯದು ಸೊರಗುತ್ತದೆ. ಪ್ರತಿ ತುಂಡಿಗೂ ಮೇಜಿನ ಮೇಲೆ ಒಂದೊಂದೇ ಬೆರಳು ತಟ್ಟಿ. ಬೆರಳು ನಾಲ್ಕು ಸಲ ತಟ್ಟಿ ಬಾಯಿ ಐದು ಸಲ ತೆರೆದಿದ್ದರೆ ಎಲ್ಲೋ ಒಂದು ಉಕಾರ ಸೇರಿಕೊಂಡಿದೆ.

ಉತ್ತರ ತಾಳೆ ನೋಡಲು ಫ್ರೆಂಚ್ ವಿಕ್ಷನರಿ ಎಂಬ ಆನ್‌ಲೈನ್ ನಿಘಂಟು ಒಳ್ಳೆಯದು. ಅಲ್ಲಿ ಕ್ರಿಯಾರೂಪಗಳ ಎದುರು ಐಪಿಎ ಎಂಬ ಅಂತರರಾಷ್ಟ್ರೀಯ ಧ್ವನಿಲಿಪಿಯಲ್ಲಿ ಉಚ್ಚಾರಣೆ ಇರುತ್ತದೆ, ತುಂಡುಗಳ ನಡುವೆ ಚುಕ್ಕೆಯೂ ಇರುತ್ತದೆ. ಆದರೆ ಬೀಳಬಹುದಾದ ‘ಅ’ವನ್ನು ಅಲ್ಲಿ ಹಲವು ಕಡೆ ಪೂರ್ತಿ ಬರೆದಿರುತ್ತಾರೆ. ನಿಮ್ಮ ಲೆಕ್ಕಕ್ಕಿಂತ ಒಂದು ತುಂಡು ಹೆಚ್ಚು ಕಂಡರೆ ಗಾಬರಿಯಾಗದೆ 5ನೇ ಹೆಜ್ಜೆಗೆ ಹಿಂತಿರುಗಿ ನೋಡಿ.

ಕಿವಿ ಪಳಗಿದೆಯೋ ಇಲ್ಲವೋ ನೋಡಲು ಫೋನಿನಲ್ಲಿ ಈ ಐದು ಜೋಡಿಗಳನ್ನು ಅಡ್ಡಾದಿಡ್ಡಿ ಕ್ರಮದಲ್ಲಿ ರೆಕಾರ್ಡ್ ಮಾಡಿ: ಪಾರ್·ಲೇ ಮತ್ತು ಪಾರ್·ಲೆ, ವ್ಯೆಂ ಮತ್ತು ವ್ಯೆನ್, ಇಲ್·ಸೊಂ ಮತ್ತು ಇಲ್·ಜ಼ೊಂ, ಕೂ·ರೆ ಮತ್ತು ಕೂರ್·ರೆ, ಫ಼ಿ·ನಿ ಮತ್ತು ಫ಼ಿ·ನಿಸ್. ಮಾರನೆಯ ದಿನ ಕೇಳಿ, ಯಾವುದು ಯಾವುದೆಂದು ಬರೆದು ತಾಳೆ ನೋಡಿ. ಹತ್ತರಲ್ಲಿ ಎರಡಕ್ಕಿಂತ ಹೆಚ್ಚು ತಪ್ಪಿದರೆ, ಸಾಮಾನ್ಯವಾಗಿ ಕೆಟ್ಟಿರುವುದು ಕಿವಿಯಲ್ಲ, ಹಿಂದಿನ ದಿನ ಹೇಳಿದ ಬಾಯಿ.